ಹಾಲಿಗೆ ಹಾಕೋ ಲ್ಯಾಕ್ಟೇಸ್ ಡ್ರಾಪ್ಸ್: ಕೆಲ್ಸ ಮಾಡುತ್ತೆ, ಹಾಕೋ ರೀತೀಲಿ ಹಾಕಿದ್ರೆ

ಹಾಲಿನ ಸಕ್ಕರೆ ಅರಗದೆ ಹೊಟ್ಟೆ ಉಬ್ಬರ ಆಗೋರಿಗೆ, ಆ ಸಕ್ಕರೆಯನ್ನ ಕುಡಿಯೋ ಮೊದ್ಲೇ ಹಾಲಲ್ಲೇ ಒಡೆಯೋ ಲ್ಯಾಕ್ಟೇಸ್ ಅನ್ನೋ ಎಂಜೈಮ್ ಇರೋ ಹನಿಗಳಿವು. ಈ ಡ್ರಾಪ್ಸ್‌ಗೆ ತುಂಬಾ ಜನ ಒಂದೇ ಸ್ಟಾರ್ ಕೊಟ್ಟು ದುಡ್ಡು ದಂಡ, ಹೊಟ್ಟೆ ಉಬ್ಬರ ಹಾಗೇ ಇದೆ ಅಂತ ಬರ್ದಿದಾರೆ. ಪೂರ್ತಿ ಓದಿ ನೋಡಿದ್ರೆ ಒಬ್ರು ಹಬೆಯಾಡ್ತಿರೋ ಕಾಫಿಗೆ ಹಾಕಿದಾರೆ, ಇನ್ನೊಬ್ರು ಹಾಲು ಕುಡಿದಾದ್ಮೇಲೆ ನಾಲಿಗೆ ಮೇಲೆ ಬಿಟ್ಕೊಂಡಿದಾರೆ, ಮತ್ತೊಬ್ರು ಮಜ್ಜಿಗೆಗೆ ಹಾಕಿದಾರೆ. ಮೂರೂ ಉಪಯೋಗಕ್ಕೆ ಬರಲ್ಲ. ಆದ್ರೆ ಬೈಬೇಕಾಗಿರೋದು ಅವರನ್ನಲ್ಲ, ಡಬ್ಬಿ ಒಳಗಿರೋ ಚೀಟೀನ. ಇರುವೆ ಸಾಲಿನಂಥ ಅಕ್ಷರದಲ್ಲಿ ಏನೇನೋ ಇದೆ, ಬಿಸಿ ಹಾಲಿಗೆ ಹಾಕ್ಬೇಡಿ ಅನ್ನೋ ಒಂದು ಸಾಲು ಇಲ್ಲ!

ಒಳಗಿರೋದು ಕ್ಲುವೆರೋಮೈಸಿಸ್ ಲ್ಯಾಕ್ಟಿಸ್ ಅನ್ನೋ ಯೀಸ್ಟ್‌ನಿಂದ ತೆಗೆದ ಎಂಜೈಮ್. ಬೇಕರಿ ಯೀಸ್ಟ್‌ಗೆ ಹಾಲಿನ ಸಕ್ಕರೆ, ಅಂದ್ರೆ ಲ್ಯಾಕ್ಟೋಸ್, ಅರಗಲ್ಲ, ಆದ್ರೆ ಹಾಲು ಚೀಸ್‌ನಲ್ಲೇ ವಾಸ ಮಾಡೋ ಈ ಯೀಸ್ಟ್‌ಗೆ ಅದೇ ಊಟ. ಲ್ಯಾಕ್ಟೇಸ್ ಅದರ ಕೋಶದ ಒಳಗೇ ಇರುತ್ತೆ, ಹೊರಗೆ ಬಿಡಲ್ಲ, ಹಾಗಾಗಿ ಟ್ಯಾಂಕ್‌ಗಳಲ್ಲಿ ಬೆಳೆಸಿ ಕೋಶ ಒಡೆದು ಎಂಜೈಮ್ ಬೇರೆ ಮಾಡ್ಬೇಕು. ಸಾಮಾನ್ಯವಾಗಿ ಗ್ಲಿಸರಾಲ್‌ನಲ್ಲಿ ಇಟ್ಟು ಮಾರ್ತಾರೆ, ದ್ರವ ಸ್ವಲ್ಪ ಮಂದಕ್ಕೆ ಇರೋದು ಅದಕ್ಕೇ.

ಈ ಎಂಜೈಮ್‌ಗೆ ಬೇಕಾಗಿರೋದು ಹುಳಿ ಇಲ್ಲದ ಹಾಲು, ಜಾಸ್ತಿ ಬಿಸಿ ಇಲ್ಲದ ಹಾಲು, ಮತ್ತೆ ಟೈಮ್. 35ರಿಂದ 40 ಡಿಗ್ರಿಯಲ್ಲಿ ಚುರುಕಾಗಿರುತ್ತೆ, 50 ದಾಟಿದ್ರೆ ಬೇಗ ಕೆಟ್ಟೋಗುತ್ತೆ. ಹೊಟ್ಟೆಯ ಆಸಿಡ್‌ನಲ್ಲೂ ಉಳಿಯಲ್ಲ. ದೊಡ್ಡವರಿಗೆ ನುಂಗೋ ಲ್ಯಾಕ್ಟೇಸ್ ಮಾತ್ರೆ ಬೇರೇನೇ ಸಿಗುತ್ತೆ, ಅದು ಸಾಮಾನ್ಯವಾಗಿ ಆಸ್ಪರ್ಜಿಲಸ್ ಒರೈಜೆ ಅನ್ನೋ ಬೂಷ್ಟಿಂದ ತೆಗೆದಿದ್ದು, ಆಸಿಡ್ ತಡ್ಕೊಳುತ್ತೆ. ಮದುವೆ ಮನೇಲಿ ಪಾಯಸ ತಿನ್ಬೇಕು ಅಂದ್ರೆ ಆ ಮಾತ್ರೆ ತಗೊಳ್ಳಿ, ಈ ಡ್ರಾಪ್ಸ್ ಜೇಬಲ್ಲಿಟ್ಕೊಂಡು ಹೋಗಿ ಪ್ರಯೋಜನ ಇಲ್ಲ.

ನಮ್ಮನೇಲಿ ಇದು ತಂದಿದ್ದು ಮಾವನವರಿಗೆ. ಬೆಳಿಗ್ಗೆ ಎದ್ದು ಒಂದು ದೊಡ್ಡ ಲೋಟ ಹಾಲು ಬೇಕೇ ಬೇಕು, ಕುಡಿದ್ರೆ ಹೊಟ್ಟೆ ಗುಡುಗುಡು. ನಂದಿನಿ ನೀಲಿ ಪ್ಯಾಕೆಟ್ ಹಾಲು ಕಾಯ್ಸಿ, ಪೂರ್ತಿ ಆರಿದ್ಮೇಲೆ ಹನಿ ಹಾಕಿ ಕಲಸಿ ರಾತ್ರಿಯೆಲ್ಲ ಫ್ರಿಜ್‌ನಲ್ಲಿ ಇಡ್ತೀನಿ. ತಣ್ಣಗಿದ್ರೆ ನಿಧಾನ, ಆದ್ರೂ ಕೆಲ್ಸ ನಡೀತಾನೇ ಇರುತ್ತೆ, 24 ಗಂಟೆ ಬಿಟ್ರೆ ಇನ್ನೂ ಒಳ್ಳೇದು. ಎಷ್ಟು ಹನಿ ಅಂತ ಕೇಳ್ಬೇಡಿ, ಸ್ಟ್ರೆಂತ್ ಕಂಪನಿಯಿಂದ ಕಂಪನಿಗೆ ಬೇರೆ, ಬಾಟಲಿ ಮೇಲೆ ಯೂನಿಟ್ ನೋಡಿ ಲೆಕ್ಕ ಹಾಕ್ಬೇಕು.

ಕೆಲ್ಸ ಮಾಡಿದ್ಯಾ ಇಲ್ವಾ ಅಂತ ಕಾಲೇಜ್ ಬಯಾಲಜಿ ಲ್ಯಾಬ್ ಥರ ಯೂರಿನ್ ಶುಗರ್ ಸ್ಟ್ರಿಪ್ ಅದ್ದಿ ನೋಡಿದೆ. ಆ ಸ್ಟ್ರಿಪ್ ಗ್ಲೂಕೋಸ್‌ಗೆ ಮಾತ್ರ ಬಣ್ಣ ಬದಲಾಯಿಸುತ್ತೆ, ಲ್ಯಾಕ್ಟೋಸ್‌ಗೆ ಇಲ್ಲ. ಬರೀ ಹಾಲಲ್ಲಿ ಬಣ್ಣ ಹಾಗೇ ಇತ್ತು, ಡ್ರಾಪ್ಸ್ ಹಾಕಿಟ್ಟಿದ್ದ ಹಾಲಲ್ಲಿ ಪಕ್ಕಾ ಬದಲಾಯ್ತು. ಮಾವನವರ ಗುಡುಗುಡು ನಿಂತಿದೆ, ಅವರಿಗೆ ಸ್ಟ್ರಿಪ್ಪೂ ಬೇಡ ಏನೂ ಬೇಡ.

ರುಚಿ ಬಗ್ಗೆ ಹೇಳ್ಬೇಕಂದ್ರೆ ಹಾಲು ಸಿಹಿ ಆಗುತ್ತೆ, ಯಾಕಂದ್ರೆ ಲ್ಯಾಕ್ಟೋಸ್ ಒಡೆದು ಬರೋ ಗ್ಲೂಕೋಸ್ ಮತ್ತೆ ಗ್ಯಾಲಕ್ಟೋಸ್ ಎರಡೂ ಅದಕ್ಕಿಂತ ಸಿಹಿ. ಕಾಫಿಗೆ ಸಕ್ಕರೆ ಕಮ್ಮಿ ಸಾಕು. ಆದ್ರೆ ಜಾಸ್ತಿ ಹೊತ್ತು ಕುದಿಸೋ ಅಡುಗೆಗೆ ಬೇಡ, ಶಾವಿಗೆ ಪಾಯಸ ಬೇಗ ಕೆಂಪಗಾಗಿ ಬೆಲ್ಲ ಹಾಕಿದ ಥರ ಕಾಣ್ಸುತ್ತೆ, ಅತ್ತೆಗೆ ಇಷ್ಟ ಆಗ್ಲಿಲ್ಲ, ನನಗೆ ಪರ್ವಾಗಿಲ್ಲ ಅನ್ನಿಸ್ತು. ಮೊಸರಿಗೂ ಹಾಕೋಕೆ ಹೋಗ್ಬೇಡಿ, ಹುಳಿಗೆ ಎಂಜೈಮ್ ನಿಲ್ಲಲ್ಲ, ಮತ್ತೆ ಮೊಸರಿನ ಬ್ಯಾಕ್ಟೀರಿಯಾನೇ ಲ್ಯಾಕ್ಟೋಸ್ ಸ್ವಲ್ಪ ತಿಂದಿರುತ್ತೆ, ಹಾಲು ಆಗದವರಲ್ಲಿ ಎಷ್ಟೋ ಜನಕ್ಕೆ ಮೊಸರು ಸರಿಹೋಗುತ್ತೆ.

ಅಂಗಡೀಲಿ ಸಿಗೋ ಅಮೂಲ್ ಲ್ಯಾಕ್ಟೋಸ್ ಫ್ರೀ ಹಾಲೂ ಟ್ರೈ ಮಾಡಿದೀವಿ, ಪ್ರಯಾಣಕ್ಕೆ ಅದೇ ಅನುಕೂಲ, ದಿನಾ ತರೋದಾದ್ರೆ ಡ್ರಾಪ್ಸ್ ನಮಗೆ ಅಗ್ಗ ಬೀಳುತ್ತೆ. ಇಂಥ ತಿಂಗಳುಗಟ್ಟಲೆ ಕೂರೋ ಪ್ಯಾಕ್ ಹಾಲಿಗೆ ಎಂಜೈಮ್ ತುಂಬಾ ಶುದ್ಧ ಇರ್ಬೇಕಂತೆ. ಯೀಸ್ಟ್‌ನಿಂದ ಪ್ರೋಟೀನ್ ಒಡೆಯೋ ಪ್ರೋಟಿಯೇಸ್ ಎಂಜೈಮ್ ಜೊತೆಗೆ ಬಂದ್ರೆ ದಿನ ಕಳೆದ ಹಾಗೆ ಹಾಲು ಕಹಿ, ಆರಿಲ್‌ಸಲ್ಫಟೇಸ್ ಅನ್ನೋ ಇನ್ನೊಂದು ಎಂಜೈಮ್ ಬಂದ್ರೆ ಪ್ಯಾರಾ ಕ್ರೆಸಾಲ್ ಅನ್ನೋದು ಹುಟ್ಟಿ ಕೊಟ್ಟಿಗೆ ವಾಸನೆ. ಮನೇಲಿ ಎರಡು ದಿನದಲ್ಲಿ ಖಾಲಿ ಆಗೋ ಹಾಲಿಗೆ ಆ ತಲೆನೋವಿಲ್ಲ. ಅಂದ್ಹಾಗೆ ಇದೇ ಯೀಸ್ಟ್‌ಗೆ ಕರುವಿನ ಜೀನ್ ಸೇರಿಸಿ ಚೀಸ್ ಹೆಪ್ಪು ಹಾಕೋ ಕೈಮೋಸಿನ್ ಕೂಡ ಮಾಡ್ತಾರೆ, ಮೊದಲು ಅದಕ್ಕೆ ಕರುವಿನ ಹೊಟ್ಟೇನೇ ಬೇಕಿತ್ತು. ಪಿಜ್ಜಾ ತಿನ್ನೋ ಸಸ್ಯಾಹಾರಿಗಳಿಗೆ ಇದು ಸಣ್ಣ ವಿಷಯ ಅಲ್ಲ.

ಹಾಲಿನ ಅಲರ್ಜಿ ಇರೋರು ಇದನ್ನ ನಂಬ್ಕೊಂಡು ಹಾಲು ಕುಡೀಬೇಡಿ, ಅಲರ್ಜಿ ಪ್ರೋಟೀನ್‌ದು, ಅದು ಹಾಗೇ ಇರುತ್ತೆ. ಗ್ಯಾಲಕ್ಟೋಸೀಮಿಯಾ, ಅಂದ್ರೆ ಗ್ಯಾಲಕ್ಟೋಸ್ ದೇಹಕ್ಕೆ ಬಳಸೋಕೆ ಆಗದ ಹುಟ್ಟು ಕಾಯಿಲೆ, ಇರೋ ಮಗುವಿಗಂತೂ ಕೊಡ್ಲೇಬಾರದು. ಶುಗರ್ ಇರೋರು ಹಾಲಿನ ಸಕ್ಕರೆ ಹೋಯ್ತು ಅಂದ್ಕೋಬೇಡಿ, ಒಡೆದಿದೆ ಅಷ್ಟೇ, ಲೀಟರ್‌ಗೆ ಹತ್ರಹತ್ರ 45-50 ಗ್ರಾಂ ಇದ್ದಿದ್ದು ಅಷ್ಟೇ ಇದೆ.

ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಚೀಟಿಗೆ. ಮೆಡಿಕಲ್ ಶಾಪಲ್ಲಿ ಕೇಳುವಾಗ ಫ್ರಿಜ್‌ನಲ್ಲಿ ಇಡ್ಬೇಕಾ ಅಂತ ಲೇಬಲ್ ಓದಿ, ಇಡ್ಬೇಕು ಅಂತಿದ್ದು ಅಂಗಡಿಯವ್ರು ಹೊರಗಿನ ಶೆಲ್ಫಿಂದ ಎತ್ಕೊಟ್ರೆ ಬೇಡ ಅನ್ನಿ.