ನೆಬ್ಯುಲೈಸರ್ ಕೈಪಿಡಿ ಬರೆಯೋಕೆ ಯಾವ ಸಾಫ್ಟ್‌ವೇರ್? ನಾನು ಫ್ಲೇರ್ ಹಿಡಿದದ್ದು ಯಾಕೆ

ದಾವಣಗೆರೆ ವಿದ್ಯಾನಗರದ ಮನೆಯಲ್ಲಿ ಕೂತು ವೈದ್ಯಕೀಯ ಉಪಕರಣಗಳ ಬಳಕೆ ಕೈಪಿಡಿ ಬರೆಯುವುದು ನನ್ನ ಕೆಲಸ. ಕಂಪನಿ ಬೆಂಗಳೂರಿನದು, ಚಿಕ್ಕದು. ಸದ್ಯ ಕೈಯಲ್ಲಿರುವುದು ನೆಬ್ಯುಲೈಸರ್, ಅಂದರೆ ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನ ಜೊತೆ ಒಳಗೆ ಕಳಿಸುವ ಯಂತ್ರ. 3 ಮಾಡೆಲ್, 3 ಭಾಷೆ. ಅಂದರೆ 9 ಕೈಪಿಡಿ.

ಮೊದಲು ಎಲ್ಲವೂ ವರ್ಡ್‌ನಲ್ಲೇ ಇತ್ತು. ಒಂದು ಫೈಲ್ ಬರೆಯುವುದು, ಕಾಪಿ ಮಾಡುವುದು, ಹೆಸರು ಬದಲಿಸುವುದು. ಹೋದ ವರ್ಷ ಔಷಧಿ ಹಾಕುವ ಕಪ್ಪಿನ ಪ್ಲಾಸ್ಟಿಕ್ ಬದಲಾಯಿತು, ಇನ್ನು ಅದನ್ನು ಕುದಿಯುವ ನೀರಿಗೆ ಹಾಕುವಂತಿಲ್ಲ ಎಂದರು, ನಾನು ಒಂದೊಂದೇ ಫೈಲ್ ತೆರೆದು ತಿದ್ದುತ್ತಾ ಹೋದೆ, 8 ತಿದ್ದಿದೆ. ಒಂಬತ್ತನೆಯದು, ಅದೂ ಕನ್ನಡದ್ದೇ, ಹಾಗೇ ಉಳಿಯಿತು. ತಿದ್ದಿದ 8ರಲ್ಲಿ ‘ಕುದಿಸಬೇಡಿ’, ಇದರಲ್ಲಿ ‘ಕುದಿಸಿ’. ಪ್ರೆಸ್ಸಿಗೆ ಕಳಿಸುವ ಹಿಂದಿನ ಸಂಜೆ ಕಣ್ಣಿಗೆ ಬಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಮಂಡಕ್ಕಿ ಭಟ್ಟಿ ಕಡೆ ಇರುವ ನಮ್ಮ ದೊಡ್ಡಮ್ಮನಿಗೆ ಉಬ್ಬಸ, ದಿನಾ ಅದೇ ಥರದ ಮಷಿನ್ ಹಿಡಿದು ಕೂರುತ್ತಾರೆ. ಅವರಿಗೆ ಓದಲು ಬರುವುದು ಕನ್ನಡ ಮಾತ್ರ.

ಅವತ್ತಿಂದ ಸಾಫ್ಟ್‌ವೇರ್ ಹುಡುಕುವಾಗ ನಾನು ಮೊದಲು ಕೇಳುವುದು ಒಂದೇ. ಒಂದು ಎಚ್ಚರಿಕೆಯನ್ನು ಒಂದೇ ಕಡೆ ಬರೆದು ಎಲ್ಲ ಮಾಡೆಲ್‌ಗೂ ತರಬಹುದಾ? ಬಣ್ಣ, ಟೆಂಪ್ಲೇಟ್ ಎಲ್ಲ ಆಮೇಲೆ.

ನಾನು ಕೊನೆಗೆ ಹಿಡಿದದ್ದು ಮ್ಯಾಡ್‌ಕ್ಯಾಪ್ ಫ್ಲೇರ್ ಎಂಬ ಕೈಪಿಡಿ ಬರೆಯುವ ಸಾಫ್ಟ್‌ವೇರ್, ಅದರಲ್ಲಿ ಇದಕ್ಕೆ ಸ್ನಿಪೆಟ್ ಅಂತಾರೆ. ತುಣುಕು ಒಂದು ಕಡೆ ಇರುತ್ತದೆ, ಬೇಕಾದ ಕಡೆಯೆಲ್ಲ ಅದನ್ನೇ ಕರೆಯುತ್ತೇವೆ. ಮಾಡೆಲ್ ಹೆಸರು, ವೋಲ್ಟೇಜ್ ಥರದವು ವೇರಿಯೇಬಲ್, ಅಂದರೆ ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಬದಲಾಗುವ ಪದ. ‘ಈ ಪ್ಯಾರಾ ಬ್ಯಾಟರಿ ಇರುವ ಮಾಡೆಲ್‌ಗೆ ಮಾತ್ರ’ ಎಂದು ಕಂಡೀಷನ್ ಹಾಕಬಹುದು. ಈಗ ಭಾಷೆಗೆ ಒಂದರಂತೆ 3 ಕಡೆ ತಿದ್ದಿದರೆ 9 ಕೈಪಿಡಿಯೂ ಸರಿಯಾಗುತ್ತವೆ. ಕರಡು ಓದಿದ ದೊಡ್ಡಮ್ಮ, ‘ಬಿಸಿನೀರು ಅಂದ್ರೆ ಎಷ್ಟು ಬಿಸಿ, ಕೈ ಇಡಬಹುದಾ?’ ಎಂದು ಕೇಳಿದರು. ಎಂಜಿನಿಯರ್ ಹತ್ತಿರ ಉತ್ತರ ತರಿಸಿಕೊಂಡು ಅವತ್ತೇ ಎಲ್ಲದರಲ್ಲೂ ಸೇರಿಸಿದೆ. ವರ್ಡ್ ಕಾಲದಲ್ಲಾಗಿದ್ದರೆ ‘ಮುಂದಿನ ಆವೃತ್ತಿಗೆ ನೋಡೋಣ’ ಅಂತ ಬಿಟ್ಟುಬಿಡುತ್ತಿದ್ದೆ.

ಫ್ಲೇರ್‌ನ ತೊಂದರೆಗಳೂ ಇವೆ. ನಾನು ಬಳಸುವ ಡೆಸ್ಕ್‌ಟಾಪ್ ಫ್ಲೇರ್ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಚಂದಾ ಹಣ ಒಬ್ಬರೇ ಕೆಲಸ ಮಾಡುವವರಿಗೆ ಜಾಸ್ತಿಯೇ, ನನ್ನದನ್ನು ಕಂಪನಿ ಕಟ್ಟುತ್ತದೆ. ಕಲಿಯೋಕೆ ನನಗೆ ಎರಡು ತಿಂಗಳು ಹಿಡಿಯಿತು. ಡಾಕ್ಟರ್, ಎಂಜಿನಿಯರ್ ಎಲ್ಲ ವರ್ಡ್‌ನಲ್ಲೇ ಕಾಮೆಂಟ್ ಹಾಕುವವರು, ಹಾಗಾಗಿ ವರ್ಡ್ ಫೈಲಾಗಿ ತೆಗೆದು ಕಳಿಸಿ, ಅವರ ತಿದ್ದುಪಡಿಯನ್ನು ನಾನೇ ಕೂತು ಮತ್ತೆ ಸೇರಿಸುತ್ತೇನೆ. ಇದು ಬೇಜಾರಿನ ಕೆಲಸ.

ಆಕ್ಸಿಜನ್ ಎಕ್ಸ್‌ಎಂಎಲ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕೂಡ ನೋಡಿದೆ. ಡಿಟಾ ಎಂಬ ಮುಕ್ತ ಪದ್ಧತಿಯಲ್ಲಿ ಬರೆಯಬಹುದು, ನಾಳೆ ಸಾಫ್ಟ್‌ವೇರ್ ಬದಲಿಸಿದರೂ ಬರಹ ನಮ್ಮ ಕೈಯಲ್ಲೇ ಇರುತ್ತದೆ. ಇಪ್ಪತ್ತು ಮೂವತ್ತು ಉಪಕರಣ, ನಾಲ್ಕೈದು ಬರಹಗಾರರು ಇರುವ ಕಂಪನಿಯಾದರೆ ನಾನು ಇದನ್ನೇ ಹೇಳುತ್ತೇನೆ. ಆದರೆ ಪಿಡಿಎಫ್ ನಮಗೆ ಬೇಕಾದ ಅಂದಕ್ಕೆ ಬರಬೇಕೆಂದರೆ ಅದು ಗೊತ್ತಿರುವವರು ಒಬ್ಬರು ಬೇಕು. ಫ್ರೇಮ್‌ಮೇಕರ್ ಹಳೆಯ ಗಟ್ಟಿ ಸಾಫ್ಟ್‌ವೇರ್, ಅಡೋಬಿ ಅದನ್ನು ಕೊಂಡದ್ದು 1995ರಲ್ಲಿ. ನೂರಾರು ಪುಟದ ಸರ್ವಿಸ್ ಮ್ಯಾನುಯಲ್‌ಗೆ ಒಳ್ಳೆಯದು, 24 ಪುಟದ ನಮ್ಮ ಕೈಪಿಡಿಗೆ ಬೇಕಿರಲಿಲ್ಲ.

ಒಂದೇ ಉಪಕರಣ, ಒಂದೇ ಭಾಷೆ ಇದ್ದರೆ ಸುಮ್ನೆ ದುಡ್ಡು ಹಾಕಬೇಡಿ. ವರ್ಡ್ ಅಥವಾ ಲಿಬ್ರೆಆಫೀಸ್ ಸಾಕು. ಸ್ಟೈಲ್ ಸರಿಯಾಗಿ ಬಳಸಿ, ಕೈಯಲ್ಲಿ ನಂಬರ್ ಹಾಕಬೇಡಿ, ಪಿಡಿಎಫ್ ಮಾಡುವ ಮೊದಲು ಎಲ್ಲ ಆಯ್ದು ಎಫ್9 ಒತ್ತಿ. ಇಲ್ಲದಿದ್ದರೆ ‘ಪುಟ 12 ನೋಡಿ’ ಎಂದಿರುತ್ತದೆ, ವಿಷಯ 14ರಲ್ಲಿರುತ್ತದೆ.

ಯಾವುದೇ ಸಾಫ್ಟ್‌ವೇರ್ ತಗೊಂಡರೂ ದಾಖಲೆ ಕೆಲಸ ತಪ್ಪಲ್ಲ. ಗುಣಮಟ್ಟ ವ್ಯವಸ್ಥೆಯಲ್ಲಿ ಬಳಸುವ ಸಾಫ್ಟ್‌ವೇರನ್ನು ಬಳಕೆಗೆ ಮೊದಲು ಪರೀಕ್ಷಿಸಿ, ಅದರ ದಾಖಲೆ ಇಡಬೇಕು ಎನ್ನುತ್ತದೆ ವೈದ್ಯಕೀಯ ಉಪಕರಣಗಳ ಗುಣಮಟ್ಟ ವ್ಯವಸ್ಥೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 13485:2016. ‘ನಮ್ಮ ಸಾಫ್ಟ್‌ವೇರ್ ನಿಯಮಕ್ಕೆ ಒಪ್ಪುತ್ತದೆ’ ಎಂದು ಮಾರುವವರು ಹೇಳಿದರೆ ಅಷ್ಟಕ್ಕೇ ನಂಬಬೇಡಿ, ಪರೀಕ್ಷೆ ಮಾಡಬೇಕಾದವರು ನಾವೇ ಅಲ್ವಾ. ಚಿಹ್ನೆಗಳನ್ನು, ಅಂದರೆ ತ್ರಿಕೋನದೊಳಗಿನ ಆಶ್ಚರ್ಯಸೂಚಕ (ಎಚ್ಚರಿಕೆ), ಅಡ್ಡಗೆರೆ ಹೊಡೆದ 2 (ಮತ್ತೆ ಬಳಸಬೇಡಿ), ಇಂಥವನ್ನು ಚಿಹ್ನೆಗಳ ಮಾನದಂಡವಾದ ಐಎಸ್ಒ 15223-1ರಲ್ಲಿ ಇರುವಂತೆಯೇ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ನೆಟ್‌ನಲ್ಲಿ ಸಿಕ್ಕ ಚಿತ್ರ ಅಂಟಿಸಬೇಡಿ.

ಕನ್ನಡದ ವಿಷಯ ಬೇರೆಯೇ ಇದೆ. ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಬರಹ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಪುಟ ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ನಮ್ಮಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರ ಒಡೆದುಹೋಗುತ್ತವೆ. ನಾನು ಕನ್ನಡದ್ದನ್ನು ಫ್ಲೇರ್‌ನಿಂದ ವರ್ಡ್‌ಗೆ ಇಳಿಸಿ, ನಿರ್ಮಲಾ ಫಾಂಟ್‌ನಲ್ಲಿ ಸಾಲುಸಾಲು ಓದಿ, ಅಲ್ಲಿಂದಲೇ ಪಿಡಿಎಫ್ ಮಾಡುತ್ತೇನೆ. ಕೊಳ್ಳುವ ಮೊದಲು ಟ್ರಯಲ್ ಹಾಕಿಕೊಂಡು ನಿಮ್ಮದೇ ಹಳೇ ಕೈಪಿಡಿಯ ‘ಸ್ವಚ್ಛಗೊಳಿಸುವುದು’ ಅಧ್ಯಾಯ ಪೂರ್ತಿ ಹಾಕಿ ನೋಡಿ. ಅದರ ಜೊತೆ ‘ಶಸ್ತ್ರಚಿಕಿತ್ಸೆ’ ಎಂಬ, ಒತ್ತಿನ ಮೇಲೆ ಒತ್ತು ಇರುವ ಒಂದು ಪದವನ್ನೂ ಟೈಪ್ ಮಾಡಿ ಪ್ರಿಂಟ್ ತೆಗೆಯಿರಿ. ಪರದೆಯ ಮೇಲೆ ಸರಿ ಕಂಡರೆ ಸಾಲದು, ಕಾಗದದ ಮೇಲೆ ನೋಡಿ.