ಕುಕ್ ಕೌಂಟಿ ಸ್ಟೇಟ್ಸ್ ಅಟಾರ್ನಿ ಕಚೇರಿ: ಒಬ್ಬ ತೆರಿಗೆದಾರಳ ರಿವ್ಯೂ

ಸೇವೆ: ಸರ್ಕಾರದ ಪರವಾಗಿ ಕ್ರಿಮಿನಲ್ ಕೇಸು ನಡೆಸುವುದು
ಸ್ಥಳ: ಷಿಕಾಗೊ ಮತ್ತು ಸುತ್ತಲಿನ ಊರುಗಳು
ಅವಧಿ: ಸ್ಟೇಟ್ಸ್ ಅಟಾರ್ನಿ ಕಿಮ್ ಫಾಕ್ಸ್ ಅವರ ಎರಡು ಟರ್ಮ್, 2016ರ ಡಿಸೆಂಬರ್‌ನಿಂದ 2024ರ ಡಿಸೆಂಬರ್
ರೇಟಿಂಗ್: 5ಕ್ಕೆ ಮೂರೂವರೆ

ದೋಸೆ ಸರಿಯಿಲ್ಲದಿದ್ದರೆ ಮುಂದಿನ ವಾರ ಬೇರೆ ಹೋಟೆಲಿಗೆ ಹೋದರಾಯಿತು. ಈ ಸೇವೆಗೆ ಆ ಅನುಕೂಲವಿಲ್ಲ. ಕುಕ್ ಕೌಂಟಿಯಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಇದ್ದೇವೆ, ನಮ್ಮೆಲ್ಲರಿಗೂ ಒಬ್ಬರೇ ಸ್ಟೇಟ್ಸ್ ಅಟಾರ್ನಿ, ಅಂದರೆ ಮುಖ್ಯ ಸರ್ಕಾರಿ ವಕೀಲರು. ಕಳ್ಳತನವಾದವರಿಗೂ ಅವರೇ, ಕಳ್ಳ ಎನಿಸಿಕೊಂಡವರಿಗೂ ಅವರೇ. 4 ವರ್ಷಕ್ಕೊಮ್ಮೆ ವೋಟು ಹಾಕಿ ಆರಿಸಬೇಕು.

ಹಾಸನದಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿದ್ದ ನಮ್ಮ ದೊಡ್ಡಪ್ಪನಿಗೆ ಇದನ್ನು ನಂಬಿಸಲು ಸಾಕುಸಾಕಾಯಿತು. "ಪಿ.ಪಿ.ಗೆ ಎಲೆಕ್ಷನ್ನಾ? ಮೈಕ್ ಹಿಡ್ಕೊಂಡು ಪ್ರಚಾರಾನೂ ಮಾಡ್ತಾರೇನೇ?" ಅಂದರು. ಮಾಡುತ್ತಾರೆ ದೊಡ್ಡಪ್ಪ, ಟಿ.ವಿ.ಯಲ್ಲಿ ಜಾಹೀರಾತನ್ನೂ ಕೊಡುತ್ತಾರೆ. ಅಲ್ಲಿ ಜಿಲ್ಲಾಧಿಕಾರಿ, ಸೆಷನ್ಸ್ ನ್ಯಾಯಾಧೀಶರ ಜೊತೆ ಸಮಾಲೋಚಿಸಿ ಹೆಸರುಗಳ ಪಟ್ಟಿ ಮಾಡುತ್ತಾರೆ, ಸರ್ಕಾರ ಅದರಿಂದ ನೇಮಿಸುತ್ತದೆ. ಚಾರ್ಜ್‌ಶೀಟ್ ಹಾಕುವುದು ಪೊಲೀಸರ ಕೆಲಸ. ಇಲ್ಲಿ ಹಾಗಲ್ಲ. ಪೊಲೀಸರು ಯಾರನ್ನಾದರೂ ಹಿಡಿದು ಫೆಲನಿ, ಅಂದರೆ ಗಂಭೀರ ಅಪರಾಧದ ಕೇಸು ಹಾಕಬೇಕೆಂದರೆ, ಈ ಕಚೇರಿಯ 'ಫೆಲನಿ ರಿವ್ಯೂ' ವಿಭಾಗಕ್ಕೆ ಫೋನ್ ಮಾಡಬೇಕು. ರಾತ್ರಿ ಎರಡು ಗಂಟೆಯಾದರೂ ಆ ಕಡೆ ಒಬ್ಬ ವಕೀಲ ಇರುತ್ತಾನೆ. ಅವನು ಹೂಂ ಅಂದರೆ ಕೇಸು, ಊಹೂಂ ಅಂದರೆ ಇಲ್ಲ. ಡ್ರಗ್ಸ್ ಕೇಸುಗಳಿಗೆ ಬಹುಮಟ್ಟಿಗೆ ಈ ಫೋನಿನಿಂದ ವಿನಾಯಿತಿ. ಹಾಗಾಗಿ ಈ ಕಚೇರಿಯನ್ನು ಅಳೆಯಲು ಗೆದ್ದ ಕೇಸುಗಳ ಲೆಕ್ಕವೊಂದೇ ಸಾಲದು. ಯಾವುದಕ್ಕೆ ಬೇಡ ಅಂದರು, ಯಾಕೆ ಅಂದರು, ಅದನ್ನು ನಮಗೆ ಹೇಳಿದರೋ ಇಲ್ಲವೋ ಎಂಬುದನ್ನೂ ನೋಡಬೇಕು. ನಾನು ನಕ್ಷತ್ರ ಕೊಟ್ಟದ್ದೂ ಕಿತ್ತುಕೊಂಡದ್ದೂ ಇದನ್ನು ನೋಡಿಯೇ.

ಮೊದಲು ಈ ಕುರ್ಚಿಯಲ್ಲಿ ಕೂತವರ ಚರಿತ್ರೆ ಸ್ವಲ್ಪ ಗೊತ್ತಿರಲಿ. 1969ರ ಡಿಸೆಂಬರ್ 4ರ ಬೆಳಗಿನ ಜಾವ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ನಾಯಕ ಫ್ರೆಡ್ ಹ್ಯಾಂಪ್ಟನ್ ಹಾಸಿಗೆಯಲ್ಲೇ ಗುಂಡಿಗೆ ಬಲಿಯಾದ. ಆ ದಾಳಿ ನಡೆಸಿದ ಪೊಲೀಸರು ಆಗಿನ ಸ್ಟೇಟ್ಸ್ ಅಟಾರ್ನಿ ಎಡ್ವರ್ಡ್ ಹ್ಯಾನ್ರಹಾನ್ ಕೈಕೆಳಗಿನವರು. 1972ರಲ್ಲಿ ಮತದಾರರು ಹ್ಯಾನ್ರಹಾನ್ ಅವರನ್ನು ಮನೆಗೆ ಕಳಿಸಿದರು. 80ರ ದಶಕದಲ್ಲಿ ಕೂತಿದ್ದವರು ರಿಚರ್ಡ್ ಎಂ. ಡೇಲಿ. ಪೊಲೀಸ್ ಕಮಾಂಡರ್ ಜಾನ್ ಬರ್ಜ್‌ನ ಠಾಣೆಯಲ್ಲಿ ಚಿತ್ರಹಿಂಸೆ ನಡೆಯುತ್ತಿದೆ ಎಂಬ ಜೈಲು ವೈದ್ಯರ ದೂರು 1982ರಲ್ಲೇ ಅವರ ಕಚೇರಿಗೆ ತಲುಪಿತ್ತು. ಬರ್ಜ್ ಮೇಲೆ ಕೇಸು ಬೀಳಲಿಲ್ಲ, ಡೇಲಿ ಮುಂದೆ ಮೇಯರ್ ಆದರು. ಬರ್ಜ್‌ಗೆ ಶಿಕ್ಷೆಯಾಗಿದ್ದು 2010ರಲ್ಲಿ ತೀರ್ಪು ಬಂದ ಮೇಲೆ, ಅದೂ ಫೆಡರಲ್ ಕೋರ್ಟಿನಲ್ಲಿ, ಸುಳ್ಳು ಹೇಳಿದ್ದಕ್ಕೆ.

ಫಾಕ್ಸ್‌ಗಿಂತ ಮೊದಲಿದ್ದ ಅನಿತಾ ಆಲ್ವರೆಜ್ ಸೋತದ್ದು ಒಂದು ವಿಡಿಯೊದಿಂದ. 2014ರ ಅಕ್ಟೋಬರ್ 20ರಂದು 17 ವರ್ಷದ ಲಕ್ವಾನ್ ಮ್ಯಾಕ್‌ಡೊನಾಲ್ಡ್‌ಗೆ ಪೊಲೀಸ್ ಅಧಿಕಾರಿಯೊಬ್ಬ 16 ಗುಂಡು ಹೊಡೆದ. ಆ ಅಧಿಕಾರಿಯ ಮೇಲೆ ಕೇಸು ಹಾಕಿದ್ದು 400 ದಿನಗಳ ನಂತರ, ವಿಡಿಯೊ ಹೊರಬಂದ ದಿನವೇ. ಅಷ್ಟು ದಿನ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೆ ಆಲ್ವರೆಜ್ ಕೊಟ್ಟ ಉತ್ತರ ಯಾರಿಗೂ ಸಾಲಲಿಲ್ಲ. 2016ರ ಮಾರ್ಚ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಆಲ್ವರೆಜ್ ಅವರನ್ನು ಫಾಕ್ಸ್ ದೊಡ್ಡ ಅಂತರದಲ್ಲಿ ಸೋಲಿಸಿದರು. ಕ್ಯಾಬ್ರಿನಿ-ಗ್ರೀನ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಬೆಳೆದ ಹುಡುಗಿ, ಇದೇ ಕಚೇರಿಯಲ್ಲಿ ವರ್ಷಗಟ್ಟಲೆ ಸಹಾಯಕ ವಕೀಲೆಯಾಗಿ ದುಡಿದವರು. ಈ ಹುದ್ದೆಗೆ ಬಂದ ಮೊದಲ ಕಪ್ಪು ಮಹಿಳೆ.

ಈಗ ನನಗೆ ನೇರ ಸಂಬಂಧಿಸಿದ ವಿಷಯ. ನಾನು ಶಾಂಬರ್ಗ್‌ನಲ್ಲಿ ಫಾರ್ಮಸಿಸ್ಟ್. ಇಲಿನಾಯ್ ಕಾನೂನಿನಲ್ಲಿ 300 ಡಾಲರ್ ಮೀರಿದ ಅಂಗಡಿ ಕಳ್ಳತನ ಫೆಲನಿ. ಬಂದ ತಿಂಗಳೇ ಫಾಕ್ಸ್, 1,000 ಡಾಲರ್ ಮೀರದಿದ್ದರೆ ಸಾಮಾನ್ಯವಾಗಿ ಫೆಲನಿ ಹಾಕುವುದಿಲ್ಲ, ಸಣ್ಣ ಅಪರಾಧವೆಂದೇ ನಡೆಸುತ್ತೇವೆ ಎಂದರು. ನಮ್ಮ ವ್ಯಾಪಾರದವರೆಲ್ಲ ಬೈದರು. ಬ್ಲೇಡು, ಅಲರ್ಜಿ ಮಾತ್ರೆ, ಮಗುವಿನ ಹಾಲಿನ ಪುಡಿ ಒಂದು ಚೀಲಕ್ಕೆ ತುಂಬಿದರೆ 300 ಡಾಲರ್ ಆಗಲು ಎಷ್ಟು ಹೊತ್ತು? ಇವೆಲ್ಲ ಈಗ ಬೀಗ ಹಾಕಿದ ಗಾಜಿನ ಹಿಂದಿವೆ, ಬೀಗದ ಕೈಗಾಗಿ ಗಿರಾಕಿ ಗಂಟೆ ಒತ್ತಿ ಕಾಯಬೇಕು. ಆದರೂ ನಾನು ಬೈದವರ ಗುಂಪಿಗೆ ಸೇರಲಿಲ್ಲ. ನಮ್ಮಲ್ಲಿ ಟೆಕ್ನಿಷಿಯನ್ ಕೆಲಸಕ್ಕೆ ಅರ್ಜಿ ಹಾಕುವ ಹುಡುಗರ ಹಿನ್ನೆಲೆ ತಪಾಸಣೆ ನಡೆಯುತ್ತದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಬಿದ್ದ ಫೆಲನಿ ಮೂವತ್ತೈದರಲ್ಲೂ ಅವರ ಕೈ ಹಿಡಿದು ಎಳೆಯುತ್ತದೆ. ಕಳ್ಳತನಕ್ಕೆ ಶಿಕ್ಷೆ ಬೇಕು, ಜೀವನಪರ್ಯಂತ ಬೇಡ. ಇದಕ್ಕಿಂತ ಮುಖ್ಯವಾಗಿ, ಫಾಕ್ಸ್ ಈ ನಿಯಮವನ್ನು ಮುಚ್ಚಿಡಲಿಲ್ಲ, ಸಾರಿ ಹೇಳಿದರು. ಒಪ್ಪದವರಿಗೆ ಜಗಳವಾಡಲು ಒಂದು ಸಂಖ್ಯೆಯಾದರೂ ಸಿಕ್ಕಿತು.

ಪೂರ್ತಿ ನಕ್ಷತ್ರ ಸಲ್ಲುವುದು 2018ರಲ್ಲಿ ಅವರು ಬಿಡುಗಡೆ ಮಾಡಿದ ದತ್ತಾಂಶಕ್ಕೆ. ಕೌಂಟಿಯ ಓಪನ್ ಡೇಟಾ ಪೋರ್ಟಲ್‌ಗೆ ಹೋದರೆ ನಾಲ್ಕು ದೊಡ್ಡ ಕಡತ: ಕಚೇರಿಗೆ ಬಂದ ಫೆಲನಿ ಕೇಸು, ದಾಖಲಾದದ್ದು, ಇತ್ಯರ್ಥವಾದದ್ದು, ಶಿಕ್ಷೆಯಾದದ್ದು. ಆರೋಪಿಗಳ ಹೆಸರಿಲ್ಲ, ಬದಲಿಗೆ ಒಂದೊಂದು ನಂಬರು. ವಯಸ್ಸು, ಜನಾಂಗ, ಹಿಡಿದ ಪೊಲೀಸ್ ಇಲಾಖೆ, ಫೆಲನಿ ರಿವ್ಯೂ ಒಪ್ಪಿತೋ ತಿರಸ್ಕರಿಸಿತೋ, ಎಲ್ಲಕ್ಕೂ ಒಂದೊಂದು ಕಾಲಂ. ಒಂದು ಭಾನುವಾರ ಎಕ್ಸೆಲ್‌ನಲ್ಲಿ ತೆರೆಯಲು ಹೋದೆ, ಲ್ಯಾಪ್‌ಟಾಪ್ ಕೈಚೆಲ್ಲಿತು. ಪೋರ್ಟಲ್‌ನಲ್ಲೇ ಫಿಲ್ಟರ್ ಹಾಕಿ ನೋಡುವುದು ಒಳ್ಳೆಯದು. ನಮ್ಮೂರಿನ ಪೊಲೀಸ್ ಇಲಾಖೆಯನ್ನು ಆರಿಸಿ, ಅಂಗಡಿ ಕಳ್ಳತನವನ್ನಷ್ಟೇ ಇಟ್ಟುಕೊಂಡು ನೋಡಿದರೆ ವಾಟ್ಸ್‌ಆಪ್ ಗುಂಪಿನಲ್ಲಿ ಹಾರಾಡುವ ಅರ್ಧ ಮಾತುಗಳನ್ನು ನೀವೇ ಪರೀಕ್ಷಿಸಬಹುದು. ಕಾಲಂ ಹೆಸರುಗಳು ಮಾತ್ರ ವಕೀಲರಿಗಾಗಿ ಬರೆದಂತಿವೆ. ಜನಸಾಮಾನ್ಯರಿಗೂ ಅರ್ಥವಾಗುವ ಒಂದು ಪುಟದ ವಿವರಣೆ ಇದ್ದಿದ್ದರೆ ಚೆನ್ನಿತ್ತು.

ಹಳೆಯ ತಪ್ಪು ತಿದ್ದುವುದರಲ್ಲೂ ಕೆಲಸವಾಯಿತು. ರೊನಾಲ್ಡ್ ವಾಟ್ಸ್ ಎಂಬ ಪೊಲೀಸ್ ಸಾರ್ಜೆಂಟ್ ವಸತಿ ಸಮುಚ್ಚಯದ ಜನರಿಂದ ಹಣ ಕಿತ್ತು, ಕೊಡದವರ ಮೇಲೆ ಡ್ರಗ್ಸ್ ಹೊರಿಸುತ್ತಿದ್ದ. 2017ರ ನವೆಂಬರ್‌ನಲ್ಲಿ ಅವನ ತಂಡ ಸಿಕ್ಕಿಸಿಹಾಕಿದ್ದ 15 ಜನರ ಶಿಕ್ಷೆ ಒಂದೇ ದಿನ ರದ್ದಾಯಿತು, ಮುಂದೆ ಆ ಸಂಖ್ಯೆ ನೂರು ದಾಟಿತು. ಇದು ಸುದ್ದಿಯಲ್ಲಿ ಎರಡು ದಿನ ಇತ್ತು.

ವರ್ಷಗಟ್ಟಲೆ ಸುದ್ದಿಯಲ್ಲಿದ್ದದ್ದು ಜಸ್ಸಿ ಸ್ಮಾಲೆಟ್. 2019ರ ಜನವರಿಯಲ್ಲಿ ಈ ನಟ, ನಡುರಾತ್ರಿ ಇಬ್ಬರು ಜನಾಂಗದ್ವೇಷದಿಂದ ತನ್ನ ಮೇಲೆ ಹಲ್ಲೆ ಮಾಡಿದರೆಂದು ದೂರು ಕೊಟ್ಟ. ಅದು ಅವನೇ ಹೂಡಿದ ನಾಟಕ ಎಂದರು ಪೊಲೀಸರು. 16 ಆರೋಪಗಳು ಬಿದ್ದವು. ನಟನ ಬಂಧುವೊಬ್ಬರ ಜೊತೆ ಮಾತಾಡಿದ್ದ ಫಾಕ್ಸ್ ತಾನು ಈ ಕೇಸಿನಿಂದ ದೂರ ಸರಿದೆ ಎಂದರು, ಆದರೆ ಕೇಸು ಅವರ ಸಹಾಯಕರ ಕೈಯಲ್ಲೇ ಉಳಿಯಿತು. ಮಾರ್ಚ್ 26ರಂದು ಇದ್ದಕ್ಕಿದ್ದಂತೆ ಎಲ್ಲ ಆರೋಪ ವಾಪಸ್. ಪ್ರತಿಯಾಗಿ 10,000 ಡಾಲರ್ ಜಾಮೀನು ಹಣ ಮುಟ್ಟುಗೋಲು, ಒಂದಿಷ್ಟು ಸಮುದಾಯ ಸೇವೆ. ತಪ್ಪೊಪ್ಪಿಗೆ ಇಲ್ಲ. ಕಡತಕ್ಕೂ ಮೊಹರು. ಇಂಥ ಕೇಸುಗಳನ್ನು ಹೀಗೆ ಮುಗಿಸುವುದು ವಾಡಿಕೆ ಎಂದು ಕಚೇರಿ ಸಮಜಾಯಿಷಿ ಕೊಟ್ಟಿತು.

ಕೇಸು ಕೈಬಿಟ್ಟದ್ದಕ್ಕೆ ನನ್ನ ತಕರಾರಿಲ್ಲ. ಯಾರ ಪ್ರಾಣವೂ ಹೋಗಿರಲಿಲ್ಲ, ಹೀಗೆ ಮುಗಿಸಲು ಕಾರಣಗಳು ಇದ್ದಿರಬಹುದು. ಆದರೆ ಲಕ್ಷಾಂತರ ಸಾಲುಗಳ ದತ್ತಾಂಶವನ್ನು ಜನರ ಮುಂದೆ ಸುರಿದ ಅದೇ ಕಚೇರಿಗೆ, ಇಡೀ ದೇಶ ನೋಡುತ್ತಿದ್ದ ಒಂದು ಕೇಸಿನಲ್ಲಿ ನಾಲ್ಕು ಸಾಲು ನೆಟ್ಟಗೆ ಹೇಳಲಾಗಲಿಲ್ಲವಲ್ಲ! ವಿಶೇಷ ಪ್ರಾಸಿಕ್ಯೂಟರ್ ಆಗಿ ಬಂದ ಡ್ಯಾನ್ ವೆಬ್, ಕಚೇರಿಯವರು ಅಪರಾಧವೇನೂ ಮಾಡಿಲ್ಲ, ಆದರೆ ವಿವೇಚನಾಧಿಕಾರ ದುರ್ಬಳಕೆಯಾಗಿದೆ, ಸಾರ್ವಜನಿಕರಿಗೆ ಕೊಟ್ಟ ಹೇಳಿಕೆಗಳು ದಾರಿ ತಪ್ಪಿಸುವಂತಿದ್ದವು ಎಂದರು. ಒಂದು ನಕ್ಷತ್ರ ಕಿತ್ತದ್ದು ಇದಕ್ಕೆ. ವೆಬ್ ಹೊಸದಾಗಿ ಹಾಕಿದ ಕೇಸಿನಲ್ಲಿ 2021ರಲ್ಲಿ ಜ್ಯೂರಿ ಸ್ಮಾಲೆಟ್ ತಪ್ಪಿತಸ್ಥ ಎಂದಿತು. ಫಾಕ್ಸ್ ಅಧಿಕಾರ ಬಿಡಲು ಕೆಲವೇ ದಿನ ಇರುವಾಗ, 2024ರ ನವೆಂಬರ್‌ನಲ್ಲಿ, ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು: ಮೊದಲು ಒಪ್ಪಂದ ಮಾಡಿಕೊಂಡ ಸರ್ಕಾರ ಆಮೇಲೆ ಮಾತು ತಪ್ಪುವಂತಿಲ್ಲ. ಕೊನೆಗೂ ಆ ಒಪ್ಪಂದಕ್ಕೇ ಗೆಲುವು. ಅದನ್ನು ಮಾಡಿದವರು ಮಾತ್ರ ಅಷ್ಟು ವರ್ಷ ಬೈಸಿಕೊಂಡರು. ಉಳಿದ ಅರ್ಧ ನಕ್ಷತ್ರ ಆ ಕಾಲಂ ಹೆಸರುಗಳಿಗೆ.

2020ರಲ್ಲಿ ಮತ್ತೆ ಗೆದ್ದ ಫಾಕ್ಸ್ ಮೂರನೇ ಸಲ ನಿಲ್ಲಲಿಲ್ಲ. ಅವರ ಜಾಗಕ್ಕೆ ಬಂದ ಮಾಜಿ ನ್ಯಾಯಾಧೀಶೆ ಐಲೀನ್ ಓನೀಲ್ ಬರ್ಕ್ ಅಂಗಡಿ ಕಳ್ಳತನದ ಮಿತಿಯನ್ನು ಮತ್ತೆ 300 ಡಾಲರಿಗೆ ಇಳಿಸಿದ್ದಾರೆ.

ಈ ಸೇವೆಯನ್ನು ಆರಿಸಿಕೊಳ್ಳಲು ಹೊರಟವರಿಗೆ, ವಿಶೇಷವಾಗಿ ಹೊಸದಾಗಿ ಪೌರತ್ವ ಪಡೆದ ನಮ್ಮ ಕನ್ನಡದವರಿಗೆ ಒಂದು ಮಾತು: ನವೆಂಬರ್‌ವರೆಗೆ ಕಾಯಬೇಡಿ. ಕುಕ್ ಕೌಂಟಿಯಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದವರು ಈ ಕುರ್ಚಿಗೆ ಬಹುತೇಕ ಬಂದಂತೆಯೇ. 2024ರ ಮಾರ್ಚ್ ಪ್ರೈಮರಿಯಲ್ಲಿ ಬರ್ಕ್ ಗೆದ್ದದ್ದು ಸುಮಾರು 1,500 ಮತಗಳಿಂದ, ಎಣಿಕೆ ಮುಗಿಯಲು ಒಂದು ವಾರಕ್ಕೂ ಹೆಚ್ಚು ಹಿಡಿಯಿತು. ಪ್ರೈಮರಿಗೆ ಪಕ್ಷದ ಸದಸ್ಯತ್ವ ಬೇಕಿಲ್ಲ, ಮತಗಟ್ಟೆಯಲ್ಲಿ ಯಾವ ಪಕ್ಷದ ಮತಪತ್ರ ಬೇಕೆಂದು ಕೇಳಿದರೆ ಕೊಡುತ್ತಾರೆ. ಮುಂದಿನ ಸರದಿ 2028ರಲ್ಲಿ.