ಲೈಟಿಗೆ ನಾಲ್ಕು ಸ್ಟಾರ್, ಹಿಂದಿನ ಖಾನೆಗೆ ಸೊನ್ನೆ: ಪುಟ್ಟ ರೀಫ್ ಟ್ಯಾಂಕ್ ಜೊತೆ ಎರಡು ವರ್ಷ

ಹವಳ ಮತ್ತು ಸಮುದ್ರದ ಮೀನು ಸಾಕುವ 60 ಲೀಟರಿನ ರೆಡಿಮೇಡ್ ಉಪ್ಪುನೀರಿನ ಟ್ಯಾಂಕ್ ಇದು. ಗಾಜು, ಎಲ್‌ಇಡಿ ಲೈಟ್, ಪಂಪು, ಬೆನ್ನಿಗೇ ಅಂಟಿಕೊಂಡ ಫಿಲ್ಟರ್ ಖಾನೆ, ಎಲ್ಲ ಒಂದೇ ಡಬ್ಬದಲ್ಲಿ ಬರುತ್ತದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ನಮೂನೆಯ ಟ್ಯಾಂಕನ್ನು ಈಗ ಬೇಕಾದಷ್ಟು ಜನ ಮಾಡುತ್ತಾರೆ, ನಾನು ಹೇಳಹೊರಟ ತಕರಾರು ಹೆಚ್ಚುಕಮ್ಮಿ ಎಲ್ಲದಕ್ಕೂ ಅನ್ವಯಿಸುತ್ತದೆ. ನಾನು ಕೊಟ್ಟದ್ದು 22,000 ರೂಪಾಯಿ. ಬ್ಯಾಂಕ್ ಗುಮಾಸ್ತನಿಗೆ ಅದು ಸಣ್ಣ ದುಡ್ಡಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನಿರುವುದು ಮಂಗಳೂರಿನಲ್ಲಿ. ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಸಮುದ್ರ ಇಲ್ಲೇ ಉಂಟಲ್ಲ ಮಾರಾಯ್ರೆ, ಉಪ್ಪಿಗೆ ಯಾಕೆ ದುಡ್ಡು ಹಾಕುವುದು?" ಪಣಂಬೂರಿಗೆ ಹೋಗಿ ಎರಡು ಕ್ಯಾನ್ ತುಂಬಿಸಿಕೊಂಡು ಬಂದರಾಯಿತು ಅಂತ ಅವರ ಲೆಕ್ಕ. ಅದು ನಡೆಯುವುದಿಲ್ಲ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ಕೆಂಪು ನೀರು ಬಂದು ಸೇರಿದ ಮೇಲೆ ದಡದ ನೀರಿನಲ್ಲಿ ಉಪ್ಪೇ ಇಳಿದಿರುತ್ತದೆ. ಪಕ್ಕದಲ್ಲೇ ಬಂದರು ಬೇರೆ. ಹವಳಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೇಕು. ಜಾಸ್ತಿ ಕಮ್ಮಿ ಆಗುತ್ತಿದ್ದರೆ ಅದು ಮುದುಡಿಕೊಂಡು ಕೂರುತ್ತದೆ. ವಾರಕ್ಕೆ 6 ಲೀಟರ್ ನೀರು ಬದಲಿಸಲು ಕಾಲು ಕಿಲೋ ರೀಫ್ ಉಪ್ಪೂ (ಸಮುದ್ರದ ನೀರು ಮಾಡಲೆಂದೇ ಮಾರುವ ಪುಡಿ) ಬೇಕಾಗುವುದಿಲ್ಲ. ಆ ಖರ್ಚನ್ನು ಉಳಿಸಲು ಹೋಗಬೇಡಿ.

ನೀರಿನ ವಿಷಯದಲ್ಲಿ ಇನ್ನೊಂದು ಮಾತು. ಅಡುಗೆಮನೆಯ ಆರ್‌ಒ ನೀರು ಸಾಲದು. ಕುಡಿಯಲು ರುಚಿ ಇರಲಿ ಅಂತ ಅದರಲ್ಲಿ ಫಿಲ್ಟರ್ ಆಗದ ನೀರನ್ನೇ ಸ್ವಲ್ಪ ಬೆರೆಸುವ ವಾಲ್ವ್ ಇರುತ್ತದೆ. ನಮ್ಮನೆಯದರಲ್ಲಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 60 ತೋರಿಸುತ್ತಿತ್ತು. ಬೇಕಾದದ್ದು ಸೊನ್ನೆ. ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹೀರುವ ಒಂದು ಡಿಐ ರೆಸಿನ್ ಕೊಳವೆ ಹಾಕಿದರೆ ಸೊನ್ನೆ ಬರುತ್ತದೆ. ಟ್ಯಾಂಕಿನ ಬಜೆಟ್ ಹಾಕುವಾಗಲೇ ಇದನ್ನೂ, ಉಪ್ಪಿನ ಪ್ರಮಾಣ ಅಳೆಯುವ ಒಂದು ರಿಫ್ರಾಕ್ಟೋಮೀಟರನ್ನೂ ಸೇರಿಸಿಕೊಳ್ಳಿ. ಡಬ್ಬದ ಮೇಲಿನ ಬೆಲೆ ನೋಡಿ ಹೊರಡಬೇಡಿ.

ಇನ್ನು ದಿನದ ಕೆಲಸ. ಇದನ್ನು ಹೇಳುವಾಗ ನನಗೆ ಕೋಪ ಬರುವುದಿಲ್ಲ. ಬೆಳಗ್ಗೆ ಕಾಫಿಗೆ ಮೊದಲು ಹಿಂದಿನ ಖಾನೆಯ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಎಳೆದ ಗೆರೆ ನೋಡುತ್ತೇನೆ. ನೀರು ಗೆರೆಯಿಂದ ಎಷ್ಟು ಇಳಿದಿದೆಯೋ ಅಷ್ಟು ಸಪ್ಪೆ ನೀರು ಹಾಕಬೇಕು. ಸಪ್ಪೆ ನೀರೇ, ಯಾಕೆಂದರೆ ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆಮೇಲೆ ಗಾಜಿನ ಅಂಚಿನಲ್ಲಿ ಬೆಳ್ಳಗೆ ಗಟ್ಟಿ ಕಟ್ಟಿದ ಉಪ್ಪನ್ನು ಹಳೇ ಬನಿಯನ್ ಬಟ್ಟೆಯಿಂದ ಒರೆಸುವುದು. ಭಾನುವಾರ ಲೈಟಿನ ಗಾಜು. ಅದರ ಮೇಲೂ ಉಪ್ಪು ಕೂರುತ್ತದೆ, ಒರೆಸದೆ ಬಿಟ್ಟರೆ ಬೆಳಕು ನಮಗೆ ಗೊತ್ತಾಗದಂತೆ ಮಂದವಾಗುತ್ತಾ ಹೋಗುತ್ತದೆ.

ಸಂಜೆ ಊಟ ಹಾಕುವುದು ನನ್ನ ಮಟ್ಟಿಗೆ ಇಡೀ ದಿನದ ಒಳ್ಳೇ ಹೊತ್ತು. ಫ್ರೀಜರಿನಿಂದ ಮೈಸಿಸ್ ಸಿಗಡಿಯ ಒಂದು ಚೂರು ತೆಗೆದು ಸ್ಟೀಲ್ ಲೋಟದಲ್ಲಿ ಕರಗಿಸುತ್ತೇನೆ. ಟೀ ಸೋಸುವ ಜಾಲರಿಯಲ್ಲಿ ತೊಳೆದು ಆ ಗಲೀಜು ನೀರು ಚೆಲ್ಲುತ್ತೇನೆ. ಪಂಪು ನಿಲ್ಲಿಸುತ್ತೇನೆ. ಪಂಪಿನ ಸದ್ದು ನಿಂತ ತಕ್ಷಣ ಕ್ಲೌನ್ ಮೀನು ಎರಡೂ ಗಾಜಿಗೆ ಮೂತಿ ಒತ್ತಿ ನಿಲ್ಲುತ್ತವೆ. ದೊಡ್ಡದು ಹೆಣ್ಣು, ಸಣ್ಣದು ಗಂಡು. ಈ ಜಾತಿಯಲ್ಲಿ ಮೊದಲು ಎಲ್ಲವೂ ಗಂಡೇ, ಜೋಡಿಯಲ್ಲಿ ಮೇಲುಗೈ ಆದದ್ದು ಹೆಣ್ಣಾಗುತ್ತದೆ. ನನ್ನ ಜೋಡಿ ಹ್ಯಾಚರಿಯಲ್ಲಿ ಮರಿಯಾದದ್ದು. ನಮ್ಮ ದೇಶದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯಾದ ಸಿಎಂಎಫ್‌ಆರ್‌ಐ ಇವುಗಳ ಮರಿ ಮಾಡುವ ವಿಧಾನ ರೂಢಿಸಿ ಎಷ್ಟೋ ವರ್ಷ ಆಯಿತು. ಸಮುದ್ರದಿಂದ ಹಿಡಿದ ಮೀನು ಕೊಳ್ಳುವ ಅಗತ್ಯವೇ ಇಲ್ಲ. ಆಮೇಲೆ ಪಿಪೆಟ್‌ನಲ್ಲಿ ಸಿಗಡಿಯ ಒಂದು ಚೂರನ್ನು ಮಶ್ರೂಮ್ ಹವಳದ ಮೇಲೆ ಬಿಡುತ್ತೇನೆ. ತಟ್ಟೆ ಹಾಗೆ ಬಿಚ್ಚಿಕೊಂಡಿದ್ದದ್ದು ನಿಧಾನಕ್ಕೆ ಅಂಚು ಮೇಲೆತ್ತಿ, ಒಳಗೆ ಮಡಿಸಿ, ಸಿಗಡಿಯನ್ನು ಮುಚ್ಚಿಕೊಳ್ಳುತ್ತದೆ. ಐದು ನಿಮಿಷ ಬೇಕು. ಅತ್ತೆ ಇದನ್ನೆಲ್ಲ ನೋಡಿ, "ಇಷ್ಟು ಸೇವೆ ಮಾಡಿದ ಮೀನನ್ನು ಒಂದು ಸಾರಿಗಾದ್ರೂ ಹಾಕ್ಲಿಕ್ಕೆ ಆಗ್ತದಾ?" ಅಂತ ಕೇಳಿದ್ದರು. ಈಗ ನಾನು ತಡವಾದರೆ ಅವರೇ ಲೋಟ ತೆಗೆದಿಟ್ಟಿರುತ್ತಾರೆ.

ಲೈಟಿನ ಬಗ್ಗೆ ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ. ಬಿಳಿ ಮತ್ತು ನೀಲಿಗೆ ಬೇರೆ ಬೇರೆ ಬಟನ್ ಇದೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಅದು ಬೆಳಕಿನಲ್ಲಿ ಮಾಡುವ ಅಡುಗೆಯಲ್ಲೇ ಹವಳಕ್ಕೂ ಪಾಲು. ಆ ಪಾಚಿಗೆ 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಚೆನ್ನಾಗಿ ಹಿಡಿಸುತ್ತದೆ. ನಾನು ನೀಲಿಯನ್ನು ಮುಕ್ಕಾಲು, ಬಿಳಿಯನ್ನು ತೀರಾ ಕಮ್ಮಿ ಇಟ್ಟು, ಮಧ್ಯಾಹ್ನ 1ರಿಂದ ರಾತ್ರಿ 9ರ ತನಕ ಉರಿಸುತ್ತೇನೆ. ಬರೀ ನೀಲಿ ಉಳಿಯುವ ಕೊನೆಯ ಅರ್ಧ ಗಂಟೆಯಲ್ಲಿ ಜೋಆ (ಗುಂಡಿಯಂತೆ ಗುಂಪಾಗಿ ಬೆಳೆಯುವ ಮೆತ್ತನೆ ಜಾತಿ) ಹವಳಗಳ ಹಸಿರು, ಕಿತ್ತಳೆ ಬಣ್ಣ ತಾವೇ ಉರಿದಂತೆ ಹೊಳೆಯುತ್ತವೆ. ಫೋಟೋದಲ್ಲಿ ಅದು ಬರುವುದಿಲ್ಲ. ಜೋಆ ಕತ್ತು ಉದ್ದ ಮಾಡಿದರೆ ಬೆಳಕು ಸಾಲದು ಅಂತ ಅರ್ಥ, ಹಗಲೆಲ್ಲ ಮುಚ್ಚಿಕೊಂಡೇ ಇದ್ದರೆ ಬೆಳಕು ಹೆಚ್ಚಾಗಿರಬಹುದು. ಮಶ್ರೂಮ್‌ಗೆ ಕೆಳಗಿನ ನೆರಳೇ ಇಷ್ಟ.

ನಾಲ್ಕೇ ಸ್ಟಾರ್ ಯಾಕೆ ಅಂದರೆ, ಕರೆಂಟ್ ಹೋಗಿ ಬಂದರೆ ಈ ಲೈಟಿಗೆ ಎಲ್ಲ ಮರೆತುಹೋಗುತ್ತದೆ. ಬಿಳಿಯೂ ನೀಲಿಯೂ ಪೂರ್ತಿ ಜೋರಾಗಿ ಉರಿಯುತ್ತವೆ. ಜೂನ್, ಜುಲೈನಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆಯಲ್ಲ. ಕೊನೆಗೆ ಎಲೆಕ್ಟ್ರಿಷಿಯನ್ ಕರೆಸಿ ಲೈಟನ್ನೂ ಪಂಪನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿದೆ. ಪಂಪಿಗೆ ಹೇಗೂ ಅದು ಬೇಕೇ ಬೇಕು, ನೀರು ಓಡದೆ ಗಂಟೆಗಟ್ಟಲೆ ನಿಂತರೆ ಆಮ್ಲಜನಕ ಮುಗಿದು ಮೀನು ಸಾಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಐಪ್ಟೇಸಿಯಾ, ಅಂದರೆ ಟ್ಯಾಂಕಿನಲ್ಲಿ ಕಳೆಯ ಹಾಗೆ ಹಬ್ಬುವ ಪುಟ್ಟ ಸೀ ಅನಿಮೋನ್.

ಗಟ್ಟಿ ಹವಳ ನಾನು ಸಾಕುವುದಿಲ್ಲ, ನೀವೂ ಕೇಳಬೇಡಿ. ಅವು ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಹುಲಿಯ ಪಕ್ಕದಲ್ಲೇ. ಸಮುದ್ರದ ಕಲ್ಲನ್ನೂ ತರಲಿಲ್ಲ, ಒಣ ಸೆರಾಮಿಕ್ ಕಲ್ಲಿನಿಂದಲೇ ಶುರು ಮಾಡಿದ್ದು. ಆದರೂ ಐಪ್ಟೇಸಿಯಾ ಬಂತು. ಅಂಗಡಿಯಿಂದ ತಂದ ಜೋಆ ತುಂಡಿನ ಕೆಳಗೆ ಒಂದು ಬಿಲ್ಲೆ ಇರುತ್ತದಲ್ಲ, ಅದರ ತೂತಿನೊಳಗೆ. ಮೊದಲು ಕಂದು ಬಣ್ಣದ ಒಂದು ಪುಟ್ಟ ಎಳೆ ಗೊಂಚಲು. ಗಾಜಿನಂಥ ತೊಟ್ಟು, ತುದಿಯಲ್ಲಿ ತೆಳ್ಳನೆ ಕೂದಲು. ನೋಡಲು ಚಂದವೇ. ಬೆರಳು ಹತ್ತಿರ ಹೋದರೆ ಸರಕ್ಕನೆ ತೂತಿಗೆ ಇಳಿಯುತ್ತದೆ. ಪಕ್ಕದ ಜೋಆಗಳನ್ನು ಕುಟುಕಿ ಮುಚ್ಚಿಸುತ್ತದೆ. ಕಿತ್ತರೆ ಪಾದದ ಒಂದು ಚೂರು ಉಳಿದರೂ ಸಾಕು, ಅಲ್ಲಿಂದ ಹೊಸತು ಬರುತ್ತದೆ. ಹವಳ ಅದ್ದುವ ಔಷಧಿಗೂ ಸುಲಭದಲ್ಲಿ ಸಾಯುವುದಿಲ್ಲ. ಬಿಲ್ಲೆಯನ್ನೇ ಒಡೆದು ತೆಗೆದು, ಹವಳವನ್ನು ಹೊಸ ಬಿಲ್ಲೆಗೆ ಸೂಪರ್‌ಗ್ಲೂ ಜೆಲ್‌ನಿಂದ ಅಂಟಿಸಿ ಟ್ಯಾಂಕಿಗೆ ಬಿಡುವುದು ಈಗ ನನ್ನ ಪದ್ಧತಿ.

ಬೆಳಕು ಕಮ್ಮಿ ಮಾಡಿ ಸಾಯಿಸೋಣ ಅಂದರೆ ಅದರ ಮೈಯಲ್ಲೂ ಅದೇ ಪಾಚಿ ಇದೆ. ಅದಕ್ಕೆ ಉಪವಾಸ ಹಾಕಿದರೆ ಮೊದಲು ಸೊರಗುವುದು ನನ್ನ ಹವಳ.

ಅದನ್ನು ತಿನ್ನಲು ಟ್ಯಾಂಕಿಗೆ ಸೀಗಡಿ ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಪೆಪ್ಪರ್‌ಮಿಂಟ್ ಶ್ರಿಂಪ್ ಐಪ್ಟೇಸಿಯಾ ತಿನ್ನುವುದು ನಿಜ. ಆದರೆ ಒಂದು ಅಂಗಡಿಯವರು ಆ ಹೆಸರಿನಲ್ಲಿ ನನಗೆ ಕೊಟ್ಟದ್ದು ಕ್ಯಾಮೆಲ್ ಶ್ರಿಂಪ್. ಬೆನ್ನಲ್ಲಿ ಗೂನು, ಉಬ್ಬಿದ ಕಣ್ಣು, ಕೆಂಪು ಮೈಮೇಲೆ ಅಡ್ಡಾದಿಡ್ಡಿ ಬಿಳಿ ಗೆರೆ. ಅದು ಐಪ್ಟೇಸಿಯಾ ಬಿಟ್ಟು ನನ್ನ ಜೋಆಗಳನ್ನೇ ಕಿತ್ತು ತಿಂದಿತು. ಕೇಳಿದರೆ "ಎರಡೂ ಒಂದೇ ಸಾರ್" ಅಂದರು. ಒಂದೇ ಅಲ್ಲ. ನಿಜವಾದದ್ದರ ಮೈ ಅರ್ಧ ಪಾರದರ್ಶಕ, ಗೆರೆಗಳು ತಲೆಯಿಂದ ಬಾಲದ ಕಡೆಗೆ ಉದ್ದಕ್ಕೆ ಇರುತ್ತವೆ. ಬೇರೆ ಕಡೆಯಿಂದ ಜಾಸ್ತಿ ದುಡ್ಡು ಕೊಟ್ಟು ತರಿಸಿದೆ. ಅದು ಹಗಲೆಲ್ಲ ಕಲ್ಲಿನಡಿ ಕೂತು, ರಾತ್ರಿ ಕೆಲಸ ಮಾಡಿ, ಕೆಲವೇ ವಾರಗಳಲ್ಲಿ ಮುಂಭಾಗವನ್ನು ಚೊಕ್ಕ ಮಾಡಿಕೊಟ್ಟಿತು.

ಮತ್ತೆ ಬಂತು. ಮತ್ತೆ ಮತ್ತೆ ಬಂತು. ಎಲ್ಲಿಂದ ಅಂತ ಹುಡುಕಿದಾಗ ಗೊತ್ತಾದದ್ದೇ ಈ ಟ್ಯಾಂಕಿನ ನಿಜವಾದ ದೋಷ.

ಹಿಂದಿನ ಫಿಲ್ಟರ್ ಖಾನೆಯ ಅಗಲ 6 ಸೆಂಟಿಮೀಟರ್ ಕೂಡ ಇಲ್ಲ. ಅದರೊಳಗೆ ಮತ್ತೆ ಎರಡು ಅಡ್ಡ ಗೋಡೆ. ಹೊರಗಿನಿಂದ ಕಪ್ಪು ಗಾಜು. ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಟಾರ್ಚ್ ಹಚ್ಚಿ, ವಿಡಿಯೋ ಹಾಕಿ ಒಳಗೆ ತೋರಿಸಿ ನೋಡಿದೆ. ಗೋಡೆ ತುಂಬ ಐಪ್ಟೇಸಿಯಾ! ಕತ್ತಲಲ್ಲಿ ಬೆಳೆದು ಬಣ್ಣ ಬಿಟ್ಟು ಬೆಳ್ಳಗಾಗಿದ್ದವು. ಬೆಳಕಿಲ್ಲದಿದ್ದರೇನು, ಮೀನಿನ ಊಟದ ಚೂರೆಲ್ಲ ಹರಿದು ಬರುವುದೇ ಅಲ್ಲಿಗೆ. ಸೀಗಡಿಗೆ ಅಲ್ಲಿಗೆ ದಾರಿಯಿಲ್ಲ, ಮಧ್ಯೆ ಬಾಚಣಿಗೆಯಂಥ ಜಾಲರಿ. ನನ್ನ ಕೈ ಹೋಗುವುದಿಲ್ಲ. ಹತ್ತು ವರ್ಷದ ಮಗಳ ಕೈ ಮಣಿಕಟ್ಟಿನ ತನಕ ಹೋಗಬಹುದು, ಆದರೆ ಕುಟುಕುವ ಜೀವಿ ಇರುವ ಜಾಗಕ್ಕೆ ಮಗುವಿನ ಕೈ ಹಾಕಿಸುವುದುಂಟಾ? ಅಲ್ಲಿ ಹುಟ್ಟಿದ ಮರಿಗಳನ್ನು ಪಂಪು ಎತ್ತಿ ಟ್ಯಾಂಕಿನ ಮುಂಭಾಗಕ್ಕೆ ಎಸೆಯುತ್ತಾ ಇರುತ್ತದೆ. ತೊಂದರೆ ಕೊಡುವುದಕ್ಕೆ ಅಂತಲೇ ಡಿಸೈನ್ ಮಾಡಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಇನ್ನೆರಡು ಇಂಚು ಅಗಲ ಕೊಟ್ಟಿದ್ದರೆ ಕಂಪನಿಯ ಗಂಟೇನು ಹೋಗುತ್ತಿತ್ತು? ಕಸ್ಟಮರ್ ಕೇರ್‌ಗೆ ಬರೆದೆ. "ಖಾನೆಯನ್ನು ನಿಯಮಿತವಾಗಿ ಸ್ವಚ್ಛ ಮಾಡಿ" ಅಂತ ಉತ್ತರ ಬಂತು. ಯಾವ ಕೈಯಲ್ಲಿ ಸ್ವಾಮಿ?

ನಾನು ಕಂಡುಕೊಂಡ ದಾರಿ ಹೇಳುತ್ತೇನೆ, ಈಗಾಗಲೇ ಈ ಟ್ಯಾಂಕ್ ಇರುವವರಿಗೆ ಉಪಯೋಗವಾದೀತು. ಪಂಪು ನಿಲ್ಲಿಸಿ, ಹಿಂದಿನ ಖಾನೆಯ ನೀರನ್ನಷ್ಟೇ ಸಣ್ಣ ಪೈಪಿನಿಂದ ಎಳೆದು ಬಕೆಟ್ಟಿಗೆ ಬಿಡಿ. ಮುಂಭಾಗದ ನೀರು ಜಾಲರಿಯ ಮಟ್ಟಕ್ಕೆ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಫಿಲ್ಟರಿನ ಸ್ಪಂಜನ್ನು ಎಸೆದು ಹೊಸತು ಹಾಕಿ, ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ಸಾಕಷ್ಟಿದೆ. ಖಾಲಿ ಖಾನೆಗೆ ಸಪ್ಪೆ ಆರ್‌ಒ ನೀರು ತುಂಬಿಸಿ ಅರ್ಧ ಗಂಟೆ ಬಿಡಿ, ಜಾಲರಿಯ ಮಟ್ಟ ಮುಟ್ಟದ ಹಾಗೆ. ಉಪ್ಪಿಲ್ಲದ ನೀರನ್ನು ಅವು ತಡೆಯಲಾರವು. ಆಮೇಲೆ ಮಗುವಿನ ಹಾಲಿನ ಬಾಟಲಿ ತೊಳೆಯುವ ಬ್ರಷ್‌ನಿಂದ ಗೋಡೆ ಉಜ್ಜಿ. ಇಡೀ ಅಂಗಡಿ ಹುಡುಕಿದರೂ ಆ ಅಗಲಕ್ಕೆ ಸರಿಹೊಂದಿದ್ದು ಅದೊಂದೇ. ಆ ನೀರನ್ನು ಪೂರ್ತಿ ಎಳೆದು ಹೊರಗೆ ಚೆಲ್ಲಿ ಹೊಸ ಉಪ್ಪುನೀರು ತುಂಬಿಸಿದರೆ ಆ ವಾರದ ನೀರು ಬದಲಾವಣೆಯೂ ಮುಗಿಯಿತು. ಪಂಪನ್ನು ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ, ಅದರ ಮೂತಿಯೊಳಗೂ ಒಂದೆರಡು ಕೂತಿರುತ್ತವೆ. ತಿಂಗಳಿಗೊಮ್ಮೆ ಒಂದು ಭಾನುವಾರದ ಬೆಳಗ್ಗೆ ಇದಕ್ಕೇ ಹೋಗುತ್ತದೆ.

ಮುಂಭಾಗದಲ್ಲಿ ಅಲ್ಲೊಂದು ಇಲ್ಲೊಂದು ಕಂಡರೆ ಸುಣ್ಣ. ಹೌದು, ಸುಣ್ಣವೇ, ಆದರೆ ಎಲೆಯಡಿಕೆಯ ಡಬ್ಬಿಯದ್ದಲ್ಲ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಆರ್‌ಒ ನೀರಿನಲ್ಲಿ ಮೊಸರಿನ ಹದಕ್ಕೆ ಕಲಸಿ, ಸಿರಿಂಜಿನಲ್ಲಿ ತುಂಬಿ, ಪಂಪು ನಿಲ್ಲಿಸಿ, ಅದರ ಬಾಯಿಯ ಮೇಲೆ ಮೆಲ್ಲನೆ ಬಿಡಬೇಕು. ಒಂದು ದಿನಕ್ಕೆ ಎರಡು ಮೂರಕ್ಕಿಂತ ಜಾಸ್ತಿ ಬೇಡ, ಇಷ್ಟು ಸಣ್ಣ ಟ್ಯಾಂಕಿನಲ್ಲಿ ಪಿಎಚ್ ಏರಿಬಿಡುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಒಂದು ಎಚ್ಚರಿಕೆ. ಕಲ್ಲು ಹೊರಗೆ ತೆಗೆದು ಕುದಿಯುವ ನೀರು ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಜೋಆ ಜಾತಿಯ ಕೆಲವು ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಕಲ್ಲು ಕುದಿಸಿದಾಗ ಎದ್ದ ಹಬೆಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ಆಗಿವೆ. ಜೋಆ ಮುಟ್ಟುವಾಗಲೂ ಗ್ಲೌಸ್ ಹಾಕಿ, ಕೈಯಲ್ಲಿ ಗಾಯ ಇದ್ದರೆ ಆ ದಿನ ಬಿಟ್ಟೇಬಿಡಿ.

ಇಷ್ಟೆಲ್ಲ ಬೈದ ಮೇಲೂ ಟ್ಯಾಂಕ್ ಮಾರಿಲ್ಲ. ಮುಂಭಾಗ ಈಗ ಶುಭ್ರವಾಗಿದೆ, ಎರಡು ಜೋಆ ಇದ್ದಲ್ಲಿ ಒಂದು ಹಾಸು ಹಬ್ಬಿದೆ, ಮಶ್ರೂಮ್ ತನ್ನಷ್ಟಕ್ಕೆ ಒಡೆದು ಮರಿ ಮಾಡಿದೆ. ಹಿಂದಿನ ಖಾನೆ ಪೂರ್ತಿ ಚೊಕ್ಕವಾಗಿದೆ ಅಂತ ಹೇಳಲಾರೆ, ಹತೋಟಿಯಲ್ಲಿದೆ. 22,000ಕ್ಕೆ ಇದೇ ಟ್ಯಾಂಕ್ ಮತ್ತೆ ತೆಗೆದುಕೊಳ್ಳುತ್ತೀರಾ ಅಂದರೆ, ಇಲ್ಲ. ಊರಿನಲ್ಲೇ ಗಾಜಿನ ಕೆಲಸದವರ ಹತ್ತಿರ ಸಾದಾ ಟ್ಯಾಂಕ್ ಮಾಡಿಸಿ, ಬದಿಗೆ ನೇತುಹಾಕುವ ಫಿಲ್ಟರ್ ಇಟ್ಟು, ಇದೇ ಲೈಟನ್ನು ಬಿಡಿಯಾಗಿ ಕೊಳ್ಳುತ್ತೇನೆ. ಯಾರಾದರೂ ಸೆಕೆಂಡ್ ಹ್ಯಾಂಡ್ 8,000ಕ್ಕೆ ಕೊಟ್ಟರೆ ಮಾತ್ರ ಯೋಚಿಸಬಹುದು.

ಬೇಸಿಗೆಯ ಖರ್ಚು ಹೇಳಲು ಮರೆತಿದ್ದೆ. ಇದಕ್ಕೆ 25, 26 ಡಿಗ್ರಿ ಬೇಕು. ಬೆಂಗಳೂರಿನವರು ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಬಿಟ್ಟು ಎರಡು ಮೂರು ಡಿಗ್ರಿ ಇಳಿಸಿಕೊಳ್ಳುತ್ತಾರೆ. ನಮ್ಮಲ್ಲಿ ಗಾಳಿಯೇ ಒದ್ದೆ, ನೀರು ಆರಿದರೆ ತಾನೇ ತಣ್ಣಗಾಗುವುದು? ಚಿಲ್ಲರ್‌ನ ಬೆಲೆ ಕೇಳಿ ಅಂಗಡಿಯಿಂದ ಹಾಗೇ ಎದ್ದು ಬಂದೆ. ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕ್ ಇರುವ ಕೋಣೆಗೆ ಎಸಿ ಹಾಕಲೇಬೇಕು. ಹಾಗಾಗಿ ಆ ಎರಡು ತಿಂಗಳು ಅತ್ತೆ, ಮಗಳು, ಹೆಂಡತಿ ಎಲ್ಲರೂ ಮೀನಿನ ಕೋಣೆಯಲ್ಲೇ ಚಾಪೆ ಹಾಸುತ್ತಾರೆ. ಕರೆಂಟ್ ಬಿಲ್ಲು ಮಾತ್ರ ನನ್ನ ಹವ್ಯಾಸದ ಲೆಕ್ಕಕ್ಕೆ.